ಲೆಕ್ಕದ ಮೇಜು: ಕಂಪ್ಯೂಟರ್ ಬರೆದಿಟ್ಟ ದಿನವಹಿ

ಕಳೆದ ತಿಂಗಳು ಈ ಅಂಕಣದಲ್ಲಿ ಗ್ರಾಚ್ಯುಟಿ ಲೆಕ್ಕದ ಬಗ್ಗೆ ಬರೆದಿದ್ದೆವು. ಓದಿದವರಲ್ಲಿ ಮೂರು ಜನ ಫೋನ್ ಮಾಡಿದರು. ಲೆಕ್ಕ ಅರ್ಥವಾಯ್ತು, ಆದರೆ ಹಳೇ ಪೇಸ್ಲಿಪ್, ಕಾಂಟ್ರಾಕ್ಟ್ ಕಾಪಿ ಎಲ್ಲಾ ಲ್ಯಾಪ್‌ಟಾಪಿನಲ್ಲಿತ್ತು, ಅದು ಸಡನ್ನಾಗಿ ಹೋಗಿಬಿಡ್ತು ಅಂದರು. ಮೂವರ ಬಾಯಲ್ಲೂ ಅದೇ ಮಾತು: ಸಡನ್ನಾಗಿ.

ಕಳೆದ ವರ್ಷದವರೆಗೆ ನಾವೂ ಹಾಗೇ ಅಂದುಕೊಂಡಿದ್ದೆವು. ಡಿಸ್ಕ್ ಅಂದರೆ ಬಲ್ಬಿನ ಹಾಗೆ, ಉರೀತಾ ಇರುತ್ತೆ, ಒಂದು ದಿನ ಟಪ್ ಅಂತ ಹೋಗುತ್ತೆ ಅಂತ. ಕಳೆದ ಜುಲೈ ತಿಂಗಳು ಆ ನಂಬಿಕೆಯನ್ನು ಕಿತ್ತುಹಾಕಿತು. ಹೇಳಿಕೊಳ್ಳಲು ಹೆಮ್ಮೆಯ ಕಥೆಯಲ್ಲ. ಆದರೂ ಹೇಳ್ತೀವಿ, ನಿಮಗಾದರೂ ಉಪಯೋಗಕ್ಕೆ ಬರಲಿ.

ಸಂಬಳದ ವಾರ

ನಾವು ಲೆಕ್ಕ ಬರೆಯುವ ಕಂಪನಿ ಇಂಡಸ್ಟ್ರಿಯಲ್ ಏರಿಯಾದಲ್ಲಿದೆ. 86 ಜನರ ಸಂಬಳದ ಕೆಲಸ ನಮ್ಮ ಮೇಜಿನದು. ಕತಾರಿನಲ್ಲಿ 2015ರ 1ನೇ ನಂಬರಿನ ಕಾನೂನು ಬಂದಮೇಲೆ ಸಂಬಳ ಬ್ಯಾಂಕ್ ಮೂಲಕವೇ ಹೋಗಬೇಕು, ಅದೂ ಬಾಕಿಯಾದ ದಿನದಿಂದ ಏಳು ದಿನದೊಳಗೆ. ನಾವೆಲ್ಲ ಡಬ್ಲ್ಯುಪಿಎಸ್ ಅಂತ ಕರೆಯುವುದು ಇದನ್ನೇ. ಅದಕ್ಕಾಗಿ ಪ್ರತಿ ತಿಂಗಳು ಎಸ್‌ಐಎಫ್ ಅನ್ನುವ ಫೈಲ್ ತಯಾರಿಸಿ ಬ್ಯಾಂಕಿಗೆ ಕಳಿಸಬೇಕು. ಯಾರಿಗೆ, ಕ್ಯುಐಡಿ ನಂಬರ್ ಏನು, ಅಕೌಂಟ್ ಯಾವುದು, ಮೂಲ ವೇತನ ಎಷ್ಟು, ಓಟಿ ಎಷ್ಟು, ಕಡಿತ ಎಷ್ಟು, ಎಲ್ಲವೂ ಒಂದೊಂದು ಸಾಲು.

ನಮ್ಮ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಇದ್ದವು. ವಿಂಡೋಸ್ ಇರುವ ಚಿಕ್ಕ ಎಸ್‌ಎಸ್‌ಡಿ ಒಂದು. ಸಂಬಳದ ಫೈಲುಗಳೆಲ್ಲ ಇರುವ ಹಳೇ ದೊಡ್ಡ ಹಾರ್ಡ್ ಡಿಸ್ಕ್ ಇನ್ನೊಂದು, ಅದೇ ಡಿ ಡ್ರೈವ್. ಜುಲೈ 6ರ ಬೆಳಗ್ಗೆ ಎಸ್‌ಐಎಫ್ ಮುಗಿಸಲು ಕೂತರೆ ಡಿ ಡ್ರೈವ್ ತೆರೆಯಲೇ ಇಲ್ಲ. ಒಳಗಿಂದ ಟಿಕ್ ಟಿಕ್ ಅಂತ ಶಬ್ದ. ರೀಸ್ಟಾರ್ಟ್ ಮಾಡಿದೆವು. ಈ ಸಲ ಡಿ ಡ್ರೈವ್ ಅನ್ನುವ ಹೆಸರೇ ಕಾಣಲಿಲ್ಲ. ಬ್ಯಾಕಪ್ ಹುಡುಕಿದರೆ ಸಿಕ್ಕಿದ್ದು ಮಾರ್ಚ್ ತಿಂಗಳದ್ದು.

ಹಾಜರಿ ಯಂತ್ರದ ಲೆಕ್ಕ, ಸೈಟಿನಿಂದ ಬಂದ ಕಾಗದದ ಟೈಮ್‌ಶೀಟ್, ಓಟಿ ಚೀಟಿಗಳನ್ನು ಗುಡ್ಡೆ ಹಾಕಿಕೊಂಡು ಮೂರು ರಾತ್ರಿ ಕೂತು ಮತ್ತೆ ಬರೆದೆವು. ಫೈಲ್ ಬ್ಯಾಂಕಿಗೆ ಹೋದದ್ದು 10ನೇ ತಾರೀಕು. ಮೂರು ದಿನ ತಡ ಅಷ್ಟೇ ಅಂತ ಹೇಳಬಹುದು. ಆದರೆ ಊರಿನಲ್ಲಿ ಇಎಂಐ ಕಟ್ ಆಗುವ ತಾರೀಕು ಮೂರು ದಿನ ಕಾಯುವುದಿಲ್ಲ. ಬೀದರ್ ಕಡೆಯ ಒಬ್ಬ ಮೇಸ್ತ್ರಿಯ ಟ್ರ್ಯಾಕ್ಟರ್ ಸಾಲದ ಕಂತು ಬೌನ್ಸ್ ಆಗಿ ದಂಡ ಬಿತ್ತು. ಅವರು ಜಗಳ ಮಾಡಲಿಲ್ಲ. ಆಫೀಸಿಗೆ ಬಂದು ನಿಂತು ಕೇಳಿದ್ದು ಒಂದೇ ಮಾತು: "ಸರ್, ನಿಮ್ಮ ಕಂಪ್ಯೂಟರಿಗೆ ಆರಾಮ ಇಲ್ಲಂತಲ್ರಿ?"

ಹತ್ತೊಂಬತ್ತು ದಿನದ ಸಾಲುಗಳು

ಹೊಸ ಡಿಸ್ಕ್ ಹಾಕಲು ಬಂದ ಐಟಿ ಹುಡುಗ ಕಾಸರಗೋಡಿನ ಬದಿಯಡ್ಕ ಕಡೆಯವನು. ಕೆಲಸ ಮುಗಿಸಿ ಹೊರಡುವ ಮೊದಲು ಒಂದು ಕಿಟಕಿ ತೆರೆದು ತೋರಿಸಿದ. "ನೋಡಿ ಸರ್, ಇದು ಸಡನ್ನಾಗಿ ಹೋದದ್ದಲ್ಲ."

ಅದು ಇವೆಂಟ್ ವ್ಯೂವರ್. ವಿಂಡೋಸ್ ತನ್ನೊಳಗೆ ಏನೇ ನಡೆದರೂ ತಾರೀಕು, ಗಂಟೆ, ನಿಮಿಷ, ಸೆಕೆಂಡು ಹಾಕಿ ಬರೆದಿಡುವ ಪುಸ್ತಕ. ಜೂನ್ 17ಕ್ಕೆ ಒಂದು ಹಳದಿ ತ್ರಿಕೋನ, ನಂಬರ್ 153. ಜೂನ್ 22ಕ್ಕೆ ಮೂರು. ಜೂನ್ 28ಕ್ಕೆ ಮೊದಲ ಕೆಂಪು ಗುರುತು, ನಂಬರ್ 7: ಈ ಡಿಸ್ಕಿನಲ್ಲಿ ಕೆಟ್ಟ ಬ್ಲಾಕ್ ಇದೆ. ಜುಲೈ 3ಕ್ಕೆ ಒಂದೇ ದಿನ ನಲವತ್ತು ಸಾಲು. 6ಕ್ಕೆ ಕಥೆ ಮುಗಿಯಿತು. ಒಟ್ಟು ಹತ್ತೊಂಬತ್ತು ದಿನ.

ಜೂನ್ 28ರ ಆ ಬೆಳಗ್ಗೆ ನಮಗೆ ನೆನಪಿದೆ. ಎಕ್ಸೆಲ್ ಫೈಲ್ ತೆರೆಯಲು ಎರಡು ನಿಮಿಷ ತೆಗೆದುಕೊಂಡಿತು. "ಹಳೇ ಕಂಪ್ಯೂಟರ್, ಏನು ಮಾಡೋದು" ಅಂತ ಗೊಣಗಿ ಕರಕ್ ಚಹಾ ಕುಡಿಯಲು ಎದ್ದು ಹೋಗಿದ್ದೆವು. ಆ ಎರಡು ನಿಮಿಷ ಡಿಸ್ಕ್ ಒಂದು ತುಣುಕನ್ನು ಓದಲು ಮತ್ತೆ ಮತ್ತೆ ಒದ್ದಾಡುತ್ತಿತ್ತು. ವಿಂಡೋಸ್ ಅದನ್ನು ಬರೆದಿಡುತ್ತಿತ್ತು. ಓದಬೇಕಾದವರು ಚಹಾ ಕುಡಿಯುತ್ತಿದ್ದರು.

ಬಿ.ಕಾಂ. ಮೊದಲ ವರ್ಷದಲ್ಲೇ ನಮಗೆ ಕಲಿಸಿದ್ದು ದಿನವಹಿ. ನಡೆದದ್ದನ್ನು ನಡೆದ ದಿನವೇ, ನಡೆದ ಕ್ರಮದಲ್ಲೇ ಬರೆ. ಆಮೇಲೆ ಖಾತೆಗೆ ಏರಿಸು, ತಾಳೆ ನೋಡು. ಕಂಪ್ಯೂಟರ್ ಮೊದಲನೆಯದನ್ನು ತಪ್ಪದೆ ಮಾಡಿತ್ತು. ತಾಳೆ ನೋಡುವುದು ನಮ್ಮ ಪಾಲಿನ ಕೆಲಸ. ಇಪ್ಪತ್ತು ವರ್ಷ ಬೇರೆಯವರ ಪುಸ್ತಕದಲ್ಲಿ ತಪ್ಪು ಹುಡುಕಿದ ನಾವು, ಎದುರಿಗಿದ್ದ ಪುಸ್ತಕವನ್ನು ಒಂದು ದಿನವೂ ತೆರೆದಿರಲಿಲ್ಲ.

ತೆರೆಯುವುದು ಹೇಗೆ?

ಸ್ಟಾರ್ಟ್ ಒತ್ತಿ, ಇಂಗ್ಲಿಷಿನಲ್ಲಿ ಇವೆಂಟ್ ವ್ಯೂವರ್ ಅಂತ ಟೈಪ್ ಮಾಡಿ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಸಾವಿರಾರು ಸಾಲು ಕಾಣುತ್ತೆ, ಹೆದರಬೇಡಿ. ಬಲಗಡೆ ಫಿಲ್ಟರ್ ಕರೆಂಟ್ ಲಾಗ್ ಒತ್ತಿ, ನಂಬರಿನ ಜಾಗದಲ್ಲಿ 7, 11, 51, 52, 55, 153, 157 ಅಂತ ಹಾಕಿ, ಮಧ್ಯೆ ಕಾಮಾ ಇರಲಿ.

ಒಂದು ಎಚ್ಚರಿಕೆ. ನಂಬರ್ ಒಂದೇ ನೋಡಿ ನಿರ್ಧಾರ ಮಾಡಬೇಡಿ. ಕ್ಯಾಶ್ ಪುಸ್ತಕದಲ್ಲೂ 7ನೇ ವೋಚರ್ ಇರುತ್ತೆ, ಬ್ಯಾಂಕ್ ಪುಸ್ತಕದಲ್ಲೂ 7ನೇ ವೋಚರ್ ಇರುತ್ತೆ. ಪಕ್ಕದ ಸೋರ್ಸ್ ಕಾಲಂನಲ್ಲಿ ಡಿಸ್ಕ್ ಅಂತ ಇದೆಯಾ ನೋಡಿ. 55ಕ್ಕೆ ಮಾತ್ರ ಅಲ್ಲಿ ಎನ್‌ಟಿಎಫ್‌ಎಸ್ ಅಂತ ಇರುತ್ತೆ.

153 ಅಂದರೆ ಕೇಳಿದ್ದು ಮೊದಲ ಸಲಕ್ಕೆ ಸಿಗಲಿಲ್ಲ, ಮತ್ತೆ ಪ್ರಯತ್ನಿಸಿದೆ ಅಂತ. ಒಂದೆರಡು ಬಂದರೆ ಗಾಬರಿ ಬೇಡ, ಸಡಿಲ ಕೇಬಲ್ಲಿನಿಂದಲೂ ಬರಬಹುದು. ದಿನೇ ದಿನೇ ಹೆಚ್ಚಾಗ್ತಾ ಇದ್ದರೆ ಏಳಬೇಕು. 7 ಅಂದರೆ ಕೆಟ್ಟ ಬ್ಲಾಕ್. 11 ಕಂಟ್ರೋಲರ್ ಕಡೆಯ ದೋಷ, ಇದರಲ್ಲೂ ಕೇಬಲ್ ಮೇಲೆ ಒಂದು ಕಣ್ಣಿಡಿ. 51 ಅಂದರೆ ಮೆಮೊರಿ ಮತ್ತು ಡಿಸ್ಕ್ ನಡುವೆ ಪುಟ ಸಾಗಿಸುವಾಗ ಬಂದ ತೊಂದರೆ. 55 ಅಂದರೆ ಫೈಲುಗಳ ಸೂಚಿಯೇ ಕೆಟ್ಟಿದೆ. 157 ಅಂದರೆ ಡಿಸ್ಕ್ ಇದ್ದಕ್ಕಿದ್ದಂತೆ ಮಾಯವಾಯಿತು. ಯುಎಸ್‌ಬಿ ಡಿಸ್ಕನ್ನು ಇಜೆಕ್ಟ್ ಮಾಡದೆ ಎಳೆದರೂ ಇದು ಬರುತ್ತೆ, ಎಳೆದವರು ನೀವಲ್ಲದಿದ್ದರೆ ಚಿಂತಿಸಿ. ಎಲ್ಲಕ್ಕಿಂತ ದೊಡ್ಡದು 52. ಈ ಡಿಸ್ಕ್ ತಾನು ಹಾಳಾಗಲಿದ್ದೇನೆ ಅಂತ ತಾನೇ ಹೇಳಿದೆ, ಕೂಡಲೇ ಬ್ಯಾಕಪ್ ಮಾಡಿ ಅಂತ ಅದರ ಅರ್ಥ. ಅದು ಬಂದ ದಿನ ಊಟ ಆಮೇಲೆ, ಕಾಪಿ ಮೊದಲು.

ಇನ್ನೊಂದು ಮೋಸಹೋಗುವ ಜಾಗ: ಲಾಗಿನಲ್ಲಿ ಡಿಸ್ಕುಗಳ ಎಣಿಕೆ ಸೊನ್ನೆಯಿಂದ ಶುರು. ಹಾರ್ಡ್ ಡಿಸ್ಕ್ 1 ಅಂತ ಬರೆದಿದ್ದರೆ ಅದು ಮೊದಲನೆಯದಲ್ಲ, ಎರಡನೆಯದು. ಇದು ತಿಳಿಯದೆ ಒಳ್ಳೇ ಡಿಸ್ಕ್ ಬಿಚ್ಚಿ ಕೆಟ್ಟದ್ದನ್ನು ಬಿಟ್ಟವರಿದ್ದಾರೆ. ಯಾವುದು 0, ಯಾವುದು 1 ಅನ್ನುವುದನ್ನು ಡಿಸ್ಕ್ ಮ್ಯಾನೇಜ್‌ಮೆಂಟ್ ಕಿಟಕಿಯಲ್ಲಿ ನೋಡಿಕೊಳ್ಳಬಹುದು.

ಡಿಸ್ಕ್ ಇಟ್ಟುಕೊಳ್ಳುವ ಸ್ವಂತ ಖಾತೆ

ವಿಂಡೋಸ್ ಬರೆಯುವುದು ಒಂದು ಪುಸ್ತಕ. ಡಿಸ್ಕ್ ತನ್ನೊಳಗೆ ತಾನೇ ಬರೆದುಕೊಳ್ಳುವುದು ಇನ್ನೊಂದು. ಅದರ ಹೆಸರು ಸ್ಮಾರ್ಟ್. ತನ್ನನ್ನು ತಾನೇ ಗಮನಿಸಿಕೊಂಡು ವರದಿ ಕೊಡುವ ವಿದ್ಯೆ. 1992ರಲ್ಲಿ ಐಬಿಎಂ ಇಂಥದ್ದೊಂದನ್ನು ತನ್ನ ಡಿಸ್ಕುಗಳಲ್ಲಿ ತಂದಿತು, ಆಮೇಲೆ ಕಾಂಪ್ಯಾಕ್ ಮತ್ತು ಡಿಸ್ಕ್ ತಯಾರಕರು ಸೇರಿ ಎಲ್ಲರಿಗೂ ಒಂದೇ ಪದ್ಧತಿ ಮಾಡಿಕೊಂಡರು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ಪ್ರೋಗ್ರಾಂ ಇದನ್ನು ತೋರಿಸುತ್ತೆ. ನೀಲಿ ಇದ್ದರೆ ಒಳ್ಳೆಯದು, ಹಳದಿ ಎಚ್ಚರಿಕೆ, ಕೆಂಪು ಅಪಾಯ. ಲಿನಕ್ಸ್ ಇಟ್ಟುಕೊಂಡವರಿಗೆ ಸ್ಮಾರ್ಟ್‌ಮಾನ್‌ಟೂಲ್ಸ್ ಇದೆ. ಮ್ಯಾಕಿನಲ್ಲಿ ಡಿಸ್ಕ್ ಯುಟಿಲಿಟಿಯಲ್ಲೇ ಒಂದು ಸಾಲು ಕಾಣುತ್ತೆ. ವಿಂಡೋಸ್ 11ರಲ್ಲಿ ಎನ್‌ವಿಎಂಇ ಮಾದರಿಯ ಎಸ್‌ಎಸ್‌ಡಿ ಇದ್ದರೆ ಸೆಟ್ಟಿಂಗ್ಸ್ ಒಳಗೆ ಸ್ಟೋರೇಜ್ ಭಾಗದಲ್ಲಿ ಡಿಸ್ಕಿನ ಅಂದಾಜು ಉಳಿದ ಆಯುಷ್ಯ ಶೇಕಡಾ ಎಷ್ಟು, ಉಷ್ಣತೆ ಎಷ್ಟು ಅಂತಲೂ ನೋಡಬಹುದು.

ಹಾರ್ಡ್ ಡಿಸ್ಕಿನ ಈ ಖಾತೆಯಲ್ಲಿ ತುಂಬಾ ಕಲಂಗಳಿವೆ. ಲೆಕ್ಕದವರ ಭಾಷೆಯಲ್ಲಿ ಮೂರನ್ನು ಹೇಳ್ತೀವಿ.

5ನೇ ನಂಬರ್: ಜಾಗ ಬದಲಿಸಿದ ಸೆಕ್ಟರುಗಳ ಎಣಿಕೆ. ಲೆಡ್ಜರಿನ ಒಂದು ಪುಟ ಹರಿದರೆ ನಾವು ಕೊನೆಯ ಖಾಲಿ ಪುಟದಲ್ಲಿ ಬರೆದು "ಪುಟ 312 ನೋಡಿ" ಅಂತ ಹಾಕುವುದಿಲ್ಲವೇ, ಹಾಗೆ. ಡಿಸ್ಕಿನಲ್ಲಿ ಅದಕ್ಕಾಗಿಯೇ ಬಿಡಿ ಜಾಗ ಇರುತ್ತೆ. ಹರಿದ ಪುಟ ಹೆಚ್ಚಾದಷ್ಟೂ ಪುಸ್ತಕದ ಹೊಲಿಗೆ ಸಡಿಲವಾಗಿದೆ ಅಂತ ಅರ್ಥ.

197ನೇ ನಂಬರ್: ಇತ್ಯರ್ಥವಾಗದ ಸೆಕ್ಟರುಗಳು. ಇದು ನಮ್ಮ ಸಸ್ಪೆನ್ಸ್ ಅಕೌಂಟ್. ಡಿಸ್ಕಿಗೆ ಓದಲು ಆಗಿಲ್ಲ, ಕೆಟ್ಟಿದೆ ಅಂತ ಬರೆದುಹಾಕಲೂ ಮನಸ್ಸಿಲ್ಲ. ಆ ಜಾಗದಲ್ಲಿ ಮತ್ತೆ ಬರೆಯುವ ಸಂದರ್ಭ ಬಂದಾಗ ತೀರ್ಮಾನವಾಗುತ್ತೆ, ಬರೆಯಲಾದರೆ ಹೆಸರು ತೆಗೆಯುತ್ತೆ, ಆಗದಿದ್ದರೆ 5ಕ್ಕೆ ವರ್ಗ ಮಾಡುತ್ತೆ. ಸಸ್ಪೆನ್ಸ್ ಅಕೌಂಟಿನಲ್ಲಿ ಬಾಕಿ ಬೆಳೀತಾ ಇದ್ದರೆ ಯಾವ ಆಡಿಟರೂ ಸುಮ್ಮನಿರುವುದಿಲ್ಲ. ಇಲ್ಲೂ ಸೊನ್ನೆ ಇರಬೇಕಾದ ಜಾಗ ಇದು.

199ನೇ ನಂಬರ್: ಸಾಗಣೆಯಲ್ಲಿ ಆದ ತಪ್ಪು. ಡಿಸ್ಕ್ ಸರಿಯಾಗಿಯೇ ಕೊಟ್ಟಿದೆ, ದಾರಿಯಲ್ಲಿ ಕೆಟ್ಟಿದೆ. ಹೆಚ್ಚಿನ ಸಲ ಕೇಬಲ್ ಬದಲಿಸಿದರೆ ನಿಲ್ಲುತ್ತೆ. ಕೆಲವೇ ರಿಯಾಲಿನ ಕೇಬಲ್ಲಿಗಾಗಿ ಡಿಸ್ಕನ್ನೇ ಎಸೆಯುವುದು ಬೇಡ.

1ನೇ ನಂಬರಿನಲ್ಲಿ ಕೆಲವು ಕಂಪನಿಗಳ ಡಿಸ್ಕ್ ಕೋಟಿಗಟ್ಟಲೆ ಸಂಖ್ಯೆ ತೋರಿಸುತ್ತೆ. ಅದು ಆ ಕಂಪನಿ ಬರೆಯುವ ರೀತಿ, ದೋಷವಲ್ಲ. ಅದನ್ನು ನೋಡಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಪುಸ್ತಕವೂ ಸುಮ್ಮನಿರಬಹುದು

ಇಷ್ಟು ಹೇಳಿ, ಲಾಗ್ ಕ್ಲೀನ್ ಇದ್ದರೆ ಆರಾಮಾಗಿರಿ ಅಂದರೆ ಅದು ಸುಳ್ಳು. 2007ರಲ್ಲಿ ಗೂಗಲ್ ಇಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಪ್ರಕಟಿಸಿದರು. ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುವಾಗ ಮೊದಲ ದೋಷ ಕಂಡ ಡಿಸ್ಕ್, ಮುಂದಿನ 60 ದಿನದಲ್ಲಿ ಹಾಳಾಗುವ ಸಂಭವ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಅಂದರೆ ಎಚ್ಚರಿಕೆ ಬಂದಾಗ ಅದು ನಿಜವಾದ ಎಚ್ಚರಿಕೆ. ಆದರೆ ಅದೇ ಲೆಕ್ಕದ ಇನ್ನೊಂದು ಬದಿ ನೋಡಿ: ಹಾಳಾದ ಡಿಸ್ಕುಗಳಲ್ಲಿ ಶೇಕಡಾ 56ಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಗುರುತುಗಳಲ್ಲಿ ಒಂದನ್ನೂ ತೋರಿಸದೆ ಹೋಗಿದ್ದವು. ಫೋನ್ ಮಾಡಿದ ಮೂವರಲ್ಲಿ ಯಾರದ್ದಾದರೂ ನಿಜವಾಗಿ ಸಡನ್ನಾಗಿಯೇ ಹೋಗಿರಬಹುದು. ಆದ್ದರಿಂದ ಲಾಗ್ ಓದುವುದು ಬ್ಯಾಕಪ್ಪಿಗೆ ಬದಲಿಯಲ್ಲ. ಎರಡೂ ಬೇಕು.

ಲಾಗಿಗೂ ಮಿತಿ ಇದೆ. ಸಿಸ್ಟಮ್ ಲಾಗಿಗೆ ವಿಂಡೋಸ್ ಮೊದಲೇ ಕೊಟ್ಟಿರುವ ಜಾಗ 20 ಎಂಬಿ. ತುಂಬಿದರೆ ಹಳೇ ಸಾಲುಗಳ ಮೇಲೆ ಹೊಸದನ್ನು ಬರೆಯುತ್ತೆ. ವರ್ಷದ ಕೊನೆಗೆ ನೋಡೋಣ ಅಂದರೆ ಬೇಕಾದ ಪುಟ ಇರದೇ ಹೋಗಬಹುದು. ಹೊರಗಿನಿಂದ ಹಾಕುವ ಕೆಲವು ಯುಎಸ್‌ಬಿ ಡಿಸ್ಕುಗಳ ಡಬ್ಬಿ ಸ್ಮಾರ್ಟ್ ವಿವರವನ್ನು ಹೊರಗೆ ಬಿಡುವುದೇ ಇಲ್ಲ. ಮುಖ್ಯವಾದದ್ದು ಇನ್ನೊಂದು. ನಮ್ಮಲ್ಲಿ ಎರಡು ಡಿಸ್ಕ್ ಇದ್ದದ್ದರಿಂದ, ಸತ್ತದ್ದು ಡಿ ಡ್ರೈವ್ ಆದದ್ದರಿಂದ ಲಾಗ್ ಉಳಿಯಿತು. ಲ್ಯಾಪ್‌ಟಾಪಿನಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಡಿಸ್ಕ್. ಅದು ಸತ್ತರೆ ದಿನವಹಿಯೂ ಅದರ ಜೊತೆಗೇ ಹೋಗುತ್ತೆ. ಕ್ಯಾಶಿಯರ್ ಕೈಯಲ್ಲೇ ಆಡಿಟ್ ಕೊಟ್ಟ ಹಾಗೆ. ಆದ್ದರಿಂದ ಬದುಕಿರುವಾಗಲೇ ಓದಬೇಕು.

ಕೆಂಪು ಗುರುತು ಕಂಡರೆ

ಮೊದಲು ಕಾಪಿ. ಆಮೇಲೆ ಮಿಕ್ಕ ಎಲ್ಲಾ. ಬಹಳ ಜನ ತಕ್ಷಣ ಚೆಕ್ ಡಿಸ್ಕ್ ಹಚ್ಚುತ್ತಾರೆ. ಅದು ಪೂರ್ತಿ ಡಿಸ್ಕನ್ನು ಮೂಲೆ ಮೂಲೆ ಓದಿಸಬಹುದು. ಸುಸ್ತಾದವನನ್ನು ಆಸ್ಪತ್ರೆಗೆ ಸೇರಿಸುವ ಮೊದಲು ಕಾರ್ನಿಶ್ ಉದ್ದಕ್ಕೂ ಓಡಿಸಿದ ಹಾಗೆ. ದಾಖಲೆ, ಸಂಬಳದ ಕಾಗದ, ಮಕ್ಕಳ ಫೋಟೋ, ಬೇರೆ ಕಡೆ ಸಿಗದದ್ದನ್ನು ಮೊದಲು ತೆಗೆಯಿರಿ. ಸಿನಿಮಾ, ಹಾಡು ಕೊನೆಗೆ. ಫಾರ್ಮ್ಯಾಟ್ ಮಾಡಿ ಸರಿಹೋಯ್ತು ಅಂತ ಅದರಲ್ಲೇ ಮುಂದುವರಿಯಬೇಡಿ.

ಕಾಪಿಗೆ ಪ್ರಪಂಚದಲ್ಲಿ ಒಪ್ಪಿದ ಲೆಕ್ಕ 3-2-1. ಮೂರು ಪ್ರತಿ, ಎರಡು ಬಗೆಯ ಜಾಗ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಬೇರೆ ಊರು ಅನ್ನುವುದು ನಮಗೆ ಕಷ್ಟವಲ್ಲ. ರಜೆಗೆ ಹೋಗುವಾಗ ಒಂದು ಡಿಸ್ಕ್ ಕೈಚೀಲದಲ್ಲಿ ತೆಗೆದುಕೊಂಡು ಹೋಗಿ ಮನೆಯ ಕಪಾಟಿನಲ್ಲಿ ಇಟ್ಟು ಬನ್ನಿ, ಮುಂದಿನ ರಜೆಗೆ ಹೊಸದು ತುಂಬಿ. ಆದರೆ ಇದು ನಿಮ್ಮ ಸ್ವಂತ ಕಾಗದಕ್ಕೆ ಮಾತ್ರ. ನಮ್ಮ ಹಾಗೆ ಆಫೀಸಿನಲ್ಲಿ ಇತರರ ಕ್ಯುಐಡಿ, ಸಂಬಳದ ವಿವರ ಮುಟ್ಟುವವರು ಅದನ್ನು ಸ್ವಂತ ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಡಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕತಾರಿನಲ್ಲಿ 2016ರ 13ನೇ ನಂಬರಿನ ಕಾನೂನು ಇದೆ. ಕಂಪನಿಯ ಬ್ಯಾಕಪ್ ಕಂಪನಿಯ ಜಾಗದಲ್ಲೇ, ಮ್ಯಾನೇಜರಿಗೆ ಗೊತ್ತಿರುವಂತೆ ಆಗಬೇಕು. ಕೇಳಲು ಸಂಕೋಚ ಬೇಡ, ಇ-ಮೇಲ್ ಹಾಕಿ ಕೇಳಿ. ಅದೂ ಒಂದು ದಾಖಲೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. 9ನೇ ನಂಬರಿನಲ್ಲಿ ಡಿಸ್ಕ್ ಒಟ್ಟು ಎಷ್ಟು ಗಂಟೆ ಓಡಿದೆ ಅಂತ ಇರುತ್ತೆ. ಕಾರಿನ ಮೀಟರ್ ಇದ್ದ ಹಾಗೆ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಅಂದರೆ 2,400 ಗಂಟೆ. ಅಂಗಡಿಯವನು ಒಂದು ವರ್ಷ ಬಳಸಿದ್ದು ಅಂತ ಹೇಳಿ, ಮೀಟರ್ 24,000 ತೋರಿಸಿದರೆ ಅದು ಆಫೀಸಿನ ಲೆಕ್ಕದಲ್ಲಿ ಹತ್ತು ವರ್ಷ. ದುಡ್ಡು ಕೊಡುವ ಮೊದಲು ನೋಡಿ, ಕೊಟ್ಟ ಮೇಲಲ್ಲ.

ಬಿಸಿಲಿನ ಮಾತೂ ಬರಬೇಕು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3:30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಅಂತ ಇಲ್ಲಿ ಮನುಷ್ಯರಿಗೆ ನಿಯಮ ಇದೆ. ಲ್ಯಾಪ್‌ಟಾಪಿಗೆ ಅಂಥ ನಿಯಮ ಇಲ್ಲ, ನಾವೇ ಮಾಡಬೇಕು. ಮುಚ್ಚಿದ ಕಾರಿನಲ್ಲಿ, ಪಿಕಪ್ಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಬೇಡಿ. 194ನೇ ನಂಬರಿನಲ್ಲಿ ಉಷ್ಣತೆ ಇರುತ್ತೆ, ಆಗಾಗ ನೋಡಿ.

ಈಗ ನಮ್ಮ ಆಫೀಸಿನಲ್ಲಿ ಹೊಸ ಪದ್ಧತಿ. ಪ್ರತಿ ತಿಂಗಳ 1ನೇ ತಾರೀಕು ಬ್ಯಾಂಕ್ ರಿಕನ್ಸಿಲಿಯೇಷನ್ ಮುಗಿದ ಕೂಡಲೇ ಇವೆಂಟ್ ವ್ಯೂವರ್ ತೆರೀತೀವಿ. ಐದು ನಿಮಿಷದ ಕೆಲಸ. 5 ಮತ್ತು 197ರ ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದು ಸಹಿ ಹಾಕ್ತೀವಿ. ಹೋದ ತಿಂಗಳ ಅಂಕಿ ಪಕ್ಕದಲ್ಲೇ ಇದ್ದರೆ ಹೆಚ್ಚಿದ್ದು ಕಣ್ಣಿಗೆ ಹೊಡೆಯುತ್ತೆ. ಸಂಬಳದ ಫೈಲಿಗೆ ವಾರಕ್ಕೊಂದು ಕಾಪಿ, ಸಂಬಳದ ವಾರದಲ್ಲಿ ದಿನಕ್ಕೊಂದು. ತಿಂಗಳಿಗೊಮ್ಮೆ ಆ ಕಾಪಿಯಿಂದ ಒಂದು ಫೈಲ್ ತೆರೆದೂ ನೋಡ್ತೀವಿ, ತೆರೆಯದ ಕಾಪಿ ಕಾಪಿಯಲ್ಲ.

ಆ ಬೀದರಿನ ಮೇಸ್ತ್ರಿಗೆ ಇದನ್ನೆಲ್ಲ ಹೇಳಿದೆವು. ಯಂತ್ರ ಹತ್ತೊಂಬತ್ತು ದಿನ ಮೊದಲೇ ಹೇಳ್ತಾ ಇತ್ತು ಅಂತಲೂ ಮುಚ್ಚಿಡದೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ ಅಂದರು: "ಅದು ಹೇಳೇತ್ರಿ ಸರ್. ನೀವು ಕೇಳಿಲ್ಲ, ಅಷ್ಟ."

ಅವರ ದಂಡದ ದುಡ್ಡನ್ನು ನಮ್ಮ ಕೈಯಿಂದ ಕೊಟ್ಟೆವು. ನಮ್ಮ ಖಾತೆಯಲ್ಲಿ ಅದನ್ನು ಯಾವ ತಲೆಬರಹದಡಿ ಬರೆಯಬೇಕು ಅಂತ ಯೋಚಿಸಲೇಬೇಕಾಗಲಿಲ್ಲ. ಓದದ ಪುಟದ ಬಾಬ್ತು.

ಮುಂದಿನ ತಿಂಗಳು ಪೇಸ್ಲಿಪ್ಪಿನ ಕಡಿತದ ಕಾಲಂ ಓದುವುದು ಹೇಗೆ ಅಂತ ನೋಡೋಣ. ಅಲ್ಲಿಯವರೆಗೆ ಒಂದು ಶುಕ್ರವಾರ, ಊಟ ಆದಮೇಲೆ, ಮಲಗುವ ಮೊದಲು, ಆ ಕಿಟಕಿ ಒಮ್ಮೆ ತೆರೆದು ನೋಡಿ.